ಯೀಸ್ಟ್‌ಗೆ ಉಣಿಸುವ ಆಲ್ಕೋಹಾಲ್‌ನಲ್ಲಿ ವಿಷವಿದ್ದರೆ ಏನು ಮಾಡಬೇಕು?

ಸಕ್ಕರೆ ಮುಗಿದ ಮೇಲೆ, ಗಾಳಿ ಧಾರಾಳವಾಗಿ ಸಿಕ್ಕರೆ, ಯೀಸ್ಟ್ ಆಲ್ಕೋಹಾಲನ್ನೇ ತಿಂದು ಬೆಳೆಯುತ್ತದೆ. ಆದರೆ ಬಾಟಲಿಯಲ್ಲಿರುವುದು ಬರೀ ಎಥನಾಲ್ (ಯೀಸ್ಟ್ ತಿನ್ನುವ, ಮದ್ಯದಲ್ಲಿರುವ ಆಲ್ಕೋಹಾಲ್) ಅಲ್ಲದಿದ್ದರೆ ಬೆಳವಣಿಗೆ ಕುಂಟುತ್ತದೆ, ಕೆಲವೊಮ್ಮೆ ನಿಂತೇಹೋಗುತ್ತದೆ.

ಮೊದಲು ತಪ್ಪು ಆಲ್ಕೋಹಾಲ್‌ನದೇ ಎಂದು ಖಚಿತಪಡಿಸಿಕೊಳ್ಳಿ. ಮೂರು ಫ್ಲಾಸ್ಕ್‌ಗಳಲ್ಲಿ ಒಂದೇ ಪೋಷಕ ದ್ರಾವಣ ತೆಗೆದುಕೊಂಡು, ಒಂದಕ್ಕೆ ಗ್ಲೂಕೋಸ್, ಇನ್ನೊಂದಕ್ಕೆ ಶುದ್ಧವೆಂದು ಗೊತ್ತಿರುವ ಎಥನಾಲ್, ಮೂರನೆಯದಕ್ಕೆ ಅನುಮಾನದ ಆಲ್ಕೋಹಾಲ್ ಹಾಕಿ. 100 ಮಿಲಿ ದ್ರಾವಣಕ್ಕೆ ಅರ್ಧ ಮಿಲಿ ಸಾಕು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುಲುಕುತ್ತಾ ಬೆಳೆಸಿ. ಗ್ಲೂಕೋಸ್‌ಗೆ ಒಗ್ಗಿದ ಯೀಸ್ಟ್ ಆಲ್ಕೋಹಾಲ್‌ಗೆ ಹೊರಳಿಕೊಳ್ಳಲು ಹಲವು ಗಂಟೆ ಬೇಕು. ಮೊದಲ ದಿನವೇ ತೀರ್ಪು ಕೊಡಬೇಡಿ. ಎರಡನೆಯದು ಯೀಸ್ಟ್ ಬೆಳೆದು ಕದಡಿ, ಮೂರನೆಯದು ತಿಳಿಯಾಗಿಯೇ ಉಳಿದರೆ ಅನುಮಾನ ನಿಜ.

ಯಾವ ಆಲ್ಕೋಹಾಲ್ ಎಂಬುದೂ ಮುಖ್ಯ. ಕುಡಿಯಲಾಗದಂತೆ ಬೇರೆ ವಸ್ತು ಬೆರೆಸಿದ ಡಿನೇಚರ್ಡ್ ಸ್ಪಿರಿಟ್ ಬೇಡವೇ ಬೇಡ. ಅದಕ್ಕೆ ಬೆರೆಸಿದ್ದನ್ನು ಸುಲಭವಾಗಿ ಬೇರ್ಪಡಿಸಲು ಆಗಬಾರದೆಂದೇ ಬೆರೆಸಿರುತ್ತಾರೆ. ನೀರಿಲ್ಲದ ಅಬ್ಸೊಲ್ಯೂಟ್ ಆಲ್ಕೋಹಾಲ್ ಹೆಚ್ಚು ಶುದ್ಧ ಎಂಬ ನಂಬಿಕೆಯೂ ಸರಿಯಲ್ಲ. ನೀರು ತೆಗೆಯಲು ಬೆಂಜೀನ್ ಬಳಸಿದ್ದರೆ ಅದರ ಅಂಶ ಉಳಿದಿರಬಹುದು. ದ್ರಾವಣದಲ್ಲಿ ಹೇಗೂ ನೀರೇ ಇರುವಾಗ ಒಳ್ಳೆಯ 95% ರೆಕ್ಟಿಫೈಡ್ ಸ್ಪಿರಿಟ್ (ಮತ್ತೆ ಮತ್ತೆ ಬಟ್ಟಿ ಇಳಿಸಿದ ಆಲ್ಕೋಹಾಲ್) ಮೇಲು.

ಹುದುಗುವಾಗ ಎಥನಾಲ್ ಜೊತೆ ಹುಟ್ಟುವ ಭಾರವಾದ ಆಲ್ಕೋಹಾಲ್‌ಗಳ ಮಿಶ್ರಣವೇ ಫ್ಯೂಸೆಲ್ ಎಣ್ಣೆ. ಅದರಲ್ಲಿರುವ ಐಸೊಅಮೈಲ್ ಆಲ್ಕೋಹಾಲ್‌ನಂಥವು ಕೊಬ್ಬಿನಲ್ಲಿ ಬೇಗ ಕರಗುವುದರಿಂದ ಜೀವಕೋಶದ ಪೊರೆಯನ್ನೇ ಕೆಡಿಸುತ್ತವೆ. ಸ್ಪಿರಿಟನ್ನು ಶುದ್ಧ ನೀರಿನಿಂದ ಸುಮಾರು 40 ಶೇಕಡಕ್ಕೆ ಇಳಿಸಿ, ತೊಳೆದ ಸಕ್ರಿಯ ಇದ್ದಿಲಿನ ಮೂಲಕ ನಿಧಾನವಾಗಿ ಹಾಯಿಸಿದರೆ ಇವುಗಳಲ್ಲಿ ಒಂದಷ್ಟು ಇದ್ದಿಲಿಗೆ ಅಂಟಿಕೊಳ್ಳುತ್ತವೆ. ಮೆಥನಾಲ್ ಮಾತ್ರ ಹೀಗೆ ಹೋಗುವುದಿಲ್ಲ. ಅಸಿಟಾಲ್ಡಿಹೈಡ್ ಸುಮಾರು 20 ಡಿಗ್ರಿಯಲ್ಲೇ ಕುದಿಯುವ ವಸ್ತು. ಗಾಳಿ ಹಾಯಿಸಿದರೆ ಹಾರಿಹೋಗುತ್ತದೆ, ಜೊತೆಗೆ ಸ್ವಲ್ಪ ಎಥನಾಲ್ ಕೂಡ. ಈ ಆವಿಗೆ ಬೆಂಕಿ ತಗುಲಬಾರದು, ಕೋಣೆಯಲ್ಲಿ ಗಾಳಿಯಾಡುತ್ತಿರಬೇಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಉಪಾಯ ಉಣಿಸುವ ಕ್ರಮದಲ್ಲಿದೆ. ಆಲ್ಕೋಹಾಲನ್ನು ಒಮ್ಮೆಗೇ ಸುರಿಯಬೇಡಿ. ಯೀಸ್ಟ್ ತಿಂದಷ್ಟೇ ಹನಿಹನಿಯಾಗಿ ಕೊಟ್ಟು, ದ್ರಾವಣದಲ್ಲಿ ಅದು 0.5% ಮೀರದಂತೆ ನೋಡಿಕೊಂಡರೆ, ಜೊತೆಗೆ ಬರುವ ವಿಷವೂ ಆರಂಭದಲ್ಲಿ ತೀರಾ ತೆಳುವಾಗಿರುತ್ತದೆ. ಸ್ಪಿರಿಟ್ ಪ್ರಮಾಣವನ್ನು ತಲೆಮಾರಿನಿಂದ ತಲೆಮಾರಿಗೆ ಏರಿಸುತ್ತಾ ಹೋದರೆ ತಾಳಿಕೊಳ್ಳುವ ಕೋಶಗಳೇ ಮೇಲುಗೈ ಪಡೆಯುತ್ತವೆ.

ಯೀಸ್ಟ್ ತಿನ್ನದ ಕಲ್ಮಶ ಮಾತ್ರ ದಿನಕಳೆದಂತೆ ಪಾತ್ರೆಯಲ್ಲಿ ಶೇಖರವಾಗುತ್ತದೆ. ಬೆಳವಣಿಗೆ ಮತ್ತೆ ಮಂದವಾದರೆ ಯೀಸ್ಟನ್ನು ಕೆಳಗಿಳಿಯಲು ಬಿಟ್ಟು, ಮೇಲಿನ ನೀರಿನ ಅರ್ಧದಷ್ಟನ್ನು ಬಸಿದು, ಹೊಸ ಪೋಷಕ ದ್ರಾವಣ ತುಂಬಿ.