ಗಲ್ಲಾದಲ್ಲಿ ಕೂತವರಿಗೆ ಒಂದು ರೌಟರ್ ಪುಟ

ರೌಟರಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿದರೆ ಜೊತೆಗೆ ರೌಟರಿನ ಸೆಟ್ಟಿಂಗ್ ಬದಲಿಸಲು ಲೂಸಿ ಎಂಬ ವೆಬ್ ಪುಟವೂ ಸಿಗುತ್ತದೆ. ನಮ್ಮಂಥವರಿಗೆ ಅದು ಧಾರಾಳ ಸಾಕು. ಮುಂಬಯಿಯ ಮಾಟುಂಗಾದಲ್ಲಿ ಉಡುಪಿ ಹೋಟೆಲ್ ನಡೆಸುವ ನಮ್ಮ ಭಾವನಿಗೆ ತೋರಿಸಿದೆ. "ಎಂತ ಮಾರಾಯ, ಇದ್ರಲ್ಲಿ ನಂಗೆ ಬೇಕಾದ್ದು ಎಲ್ಲುಂಟು?" ಅಂದರು. ಕೇಳಿದ್ದು ಸರಿಯೇ. ಅವರಿಗೆ ಬೇಕಿದ್ದದ್ದು ಮೂರೇ. ಗಿರಾಕಿಗಳ ವೈಫೈ ಪಾಸ್‌ವರ್ಡ್ ಬದಲಿಸಬೇಕು. ರಾತ್ರಿ ಬಾಗಿಲು ಹಾಕಿದ ಮೇಲೆ ಆ ವೈಫೈ ತಾನೇ ಆರಬೇಕು. ನೆಟ್ ಹೋದರೆ ತೊಂದರೆ ನಮ್ಮದೋ ಕೇಬಲಿನವರದೋ ಗೊತ್ತಾಗಬೇಕು. ಇಷ್ಟನ್ನೇ ಇಟ್ಟು ಒಂದು ಪುಟ ಮಾಡಿಕೊಟ್ಟೆ.

ಶುರು ಮಾಡುವವರಿಗೆ ಒಂದು ಮಾತು. ಲೂಸಿ 2008ರಲ್ಲಿ ಹುಟ್ಟಿದಾಗ ಪೂರ್ತಿ ಲುವಾ ಭಾಷೆಯಲ್ಲಿತ್ತು. ಹೆಸರು ಬಂದದ್ದೂ ಅಲ್ಲಿಂದಲೇ. 19.07 ಆವೃತ್ತಿಯಿಂದ ಪುಟ ಕಟ್ಟುವ ಕೆಲಸ ಬ್ರೌಸರಿನ ಜಾವಾಸ್ಕ್ರಿಪ್ಟಿಗೆ ಹೋಯಿತು. ಹಾಗಾಗಿ ಹುಡುಕಿದರೆ ಸಿಗುವ ಹಳೇ ಲುವಾ ಪಾಠಗಳನ್ನು ನೋಡಿ ಹೊಸ ಪುಟ ಬರೆಯಬೇಡಿ. ಈಗ ರೌಟರ್ ಬರೀ ಮಾಹಿತಿ ಕೊಡುತ್ತದೆ, ಪುಟ ಕಟ್ಟುವುದು ಫೋನು. ಪುಟಾಣಿ ಪ್ರೊಸೆಸರಿಗೆ ಇದೇ ಒಳ್ಳೆಯದು.

ಸಿದ್ಧ ದಾರಿ ಹೀಗಿದೆ: ಫಾರ್ಮ್ ಮಾಡಿ, ಅದನ್ನು ನೇರವಾಗಿ ವೈಫೈ ಸೆಟ್ಟಿಂಗ್ ಎಲ್ಲ ಇರುವ ವೈರ್‌ಲೆಸ್ ಕಾನ್ಫಿಗ್ ಫೈಲಿಗೆ ಕಟ್ಟಿಬಿಡುವುದು. ಪಾಸ್‌ವರ್ಡ್ 8 ಅಕ್ಷರಕ್ಕಿಂತ ಕಮ್ಮಿ ಇದ್ದರೆ ಲೂಸಿಯೇ ತಡೆಯುತ್ತದೆ. ಆದರೂ ಎರಡು ಕಾರಣಕ್ಕೆ ಆ ದಾರಿ ಬಿಟ್ಟೆ.

ಮೊದಲನೆಯದು ಅನುಮತಿ. ಗಲ್ಲಾದಲ್ಲಿ ಕೂರುವವರಿಗೆಂದು ಬೇರೆ ಲಾಗಿನ್ ಮಾಡಬಹುದು, ಅವರು ಮುಟ್ಟಬಹುದಾದದ್ದು ಇಷ್ಟೇ ಅಂತ ಒಂದು ಪಟ್ಟಿಯನ್ನೂ ಕೊಡಬಹುದು. ಆದರೆ ಆ ಅನುಮತಿ ಇಡೀ ಫೈಲಿಗೆ. ಗಿರಾಕಿಗಳ ವೈಫೈಗೆ ಕೊಟ್ಟರೆ, ಅದೇ ಫೈಲಿನಲ್ಲಿರುವ ಬಿಲ್ಲಿಂಗ್ ಮತ್ತು ಅಡುಗೆಮನೆ ಪ್ರಿಂಟರಿನ ವೈಫೈಗೂ ಕೊಟ್ಟಂತೆ. ಅದರ ಪಾಸ್‌ವರ್ಡ್ ಕಾಣಿಸುತ್ತದೆ, ಬದಲಿಸಲೂ ಬರುತ್ತದೆ. ಮಧ್ಯಾಹ್ನದ ಊಟದ ಹೊತ್ತಲ್ಲಿ ಯಾರಾದರೂ ಅದನ್ನು ಮುಟ್ಟಿದರೆ ಆರ್ಡರ್ ಚೀಟಿ ಒಳಗೆ ಹೋಗುವುದೇ ನಿಲ್ಲುತ್ತದೆ.

ಎರಡನೆಯದು ಸ್ವಲ್ಪ ತಮಾಷೆಯದು. ರೌಟರ್ ಪುಟಕ್ಕೆ ಬೇರೆ ವೆಬ್‌ಸೈಟುಗಳಿಗಿಲ್ಲದ ಒಂದು ಕಷ್ಟ ಉಂಟು: ಅದು ಯಾವ ದಾರಿಯಲ್ಲಿ ಬಂದಿದೆಯೋ ಅದೇ ದಾರಿಯನ್ನು ಅಗೆಯುತ್ತದೆ. ಅದಕ್ಕೇ ಲೂಸಿ ಬದಲಾವಣೆ ಜಾರಿ ಮಾಡಿದ ಮೇಲೆ ಬ್ರೌಸರಿನಿಂದ 'ಇನ್ನೂ ಇದ್ದೇನೆ' ಎಂಬ ಖಾತ್ರಿಗೆ ಕಾಯುತ್ತದೆ. ಗಡುವಿನೊಳಗೆ ಖಾತ್ರಿ ಬರದಿದ್ದರೆ ಎಲ್ಲವನ್ನೂ ಮೊದಲಿನಂತೆ ಮಾಡಿಬಿಡುತ್ತದೆ. ಬುದ್ಧಿವಂತ ಏರ್ಪಾಡು, ಎರಡು ಮಾತಿಲ್ಲ. ಆದರೆ ಪಾಸ್‌ವರ್ಡ್ ಬದಲಾದಾಗ ಈ ಡಬ್ಬಿಯ ವೈಫೈ ಒಂದು ಕ್ಷಣ ಬಿದ್ದು ಏಳುತ್ತದೆ. ಅಷ್ಟರಲ್ಲಿ ಫೋನು ಮೊಬೈಲ್ ಡೇಟಾಕ್ಕೆ ಹಾರುತ್ತದೆ, ಖಾತ್ರಿ ರೌಟರಿಗೆ ತಲುಪುವುದೇ ಇಲ್ಲ. ಸ್ವಲ್ಪ ಹೊತ್ತಿಗೆ ಹಳೇ ಪಾಸ್‌ವರ್ಡ್ ವಾಪಸ್! "ಬದಲಿಸಿದ್ದು ನಿಲ್ಲೂದೇ ಇಲ್ವಲ್ಲ" ಅಂತ ಭಾವನ ಫೋನು.

ಅದಕ್ಕೆ ಆರ್‌ಪಿಸಿಡಿಗೆ (ಪುಟ ಕೇಳಿದ್ದನ್ನು ರೌಟರಿನೊಳಗೆ ಮಾಡಿಸುವ ಪ್ರೋಗ್ರಾಂ) ಒಂದು ಚಿಕ್ಕ ಶೆಲ್ ಸ್ಕ್ರಿಪ್ಟ್ ಬರೆದು ಪ್ಲಗಿನ್ ಆಗಿ ಸೇರಿಸಿದೆ. ಅದಕ್ಕೆ ಗೊತ್ತಿರುವುದು ಗಿರಾಕಿಗಳ ವೈಫೈ ಒಂದೇ. ಗಲ್ಲಾ ಲಾಗಿನ್‌ಗೆ ಅನುಮತಿ ಇರುವುದೂ ಆ ಸ್ಕ್ರಿಪ್ಟಿಗೆ ಮಾತ್ರ. ಹೊಸ ಪಾಸ್‌ವರ್ಡ್ ಬಂದರೆ ಉದ್ದ ನೋಡುತ್ತದೆ, ಬರೆದಿಡುತ್ತದೆ, 'ಆಯ್ತು' ಎಂದು ಮೊದಲು ಉತ್ತರ ಕಳಿಸುತ್ತದೆ. ಕೆಲವು ಸೆಕೆಂಡ್ ಬಿಟ್ಟು ಹಿಂದಿನಿಂದ ವೈಫೈ ರೀಲೋಡ್ ಮಾಡುತ್ತದೆ. ಫೋನು ಆಮೇಲೆ ಎಲ್ಲಿಗೆ ಹಾರಿದರೂ ಚಿಂತೆಯಿಲ್ಲ. ಹಿಂದಕ್ಕೆ ಹೋಗುವ ರಕ್ಷಣೆ ಇಲ್ಲಿ ಇಲ್ಲ ನಿಜ. ಆದರೆ ಗಿರಾಕಿಗಳ ಪಾಸ್‌ವರ್ಡ್ ತಪ್ಪಾದರೆ ಮುಳುಗುವುದೇನಿದೆ? ಸಿಬ್ಬಂದಿ ವೈಫೈಯಲ್ಲಿ ನಿಂತು ಮತ್ತೆ ಬದಲಿಸಿದರಾಯ್ತು. ಗಿರಾಕಿಗಳ ಕಡೆಯಿಂದ ಈ ಪುಟ ತೆರೆಯುವುದೇ ಇಲ್ಲ. ಅವರಿಗೆ ಫೈರ್‌ವಾಲ್‌ನಲ್ಲಿ ರೌಟರಿನ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹೇಳುವುದು), ಡಿಎಚ್‌ಸಿಪಿ (ಫೋನಿಗೆ ವಿಳಾಸ ಕೊಡುವುದು) ಎರಡೇ ಬಾಗಿಲು.

ಪಾಸ್‌ವರ್ಡಿನ ಕೆಳಗೆ ಕ್ಯೂಆರ್ ಕೋಡ್ ಇಟ್ಟೆ, ಪ್ರಿಂಟ್ ತೆಗೆದು ಟೇಬಲಿಗೆ ಅಂಟಿಸಲಿಕ್ಕೆ. ಪಾಸ್‌ವರ್ಡಿನಲ್ಲಿ ಸೆಮಿಕೋಲನ್, ಕಾಮಾ ಏನಾದರೂ ಇದ್ದರೆ ಕೋಡಿನಲ್ಲಿ ಅದಕ್ಕೆ ಮೊದಲು ಬ್ಯಾಕ್‌ಸ್ಲಾಶ್ (\) ಸೇರಿಸಬೇಕು. ಇಲ್ಲದಿದ್ದರೆ ಫೋನು ಪಾಸ್‌ವರ್ಡನ್ನು ತಪ್ಪಾಗಿ ಓದಬಹುದು.

ರಾತ್ರಿ ಆರಿಸುವುದಕ್ಕೆ, ಹೇಳಿದ ಹೊತ್ತಿಗೆ ಕೆಲಸ ಮಾಡಿಸುವ ಕ್ರಾನ್ ಸಾಕು ಅನಿಸುತ್ತದೆ, ಅಲ್ವಾ? ಆದರೆ ಸಾಮಾನ್ಯ ರೌಟರಿನಲ್ಲಿ ಬ್ಯಾಟರಿ ಗಡಿಯಾರ ಇರುವುದಿಲ್ಲ. ಕರೆಂಟ್ ಹೋಗಿ ಬಂದರೆ ಓಪನ್‌ಡಬ್ಲ್ಯುಆರ್‌ಟಿ ತನ್ನ ಕಾನ್ಫಿಗ್ ಫೈಲುಗಳಲ್ಲಿ ತೀರಾ ಈಚಿನದು ಯಾವುದೋ ಅದರ ಸಮಯವನ್ನು ಹಿಡಿದು ಶುರು ಮಾಡುತ್ತದೆ. ನೆಟ್ ಬಂದು ಎನ್‌ಟಿಪಿ (ನೆಟ್‌ನಿಂದ ಸರಿಯಾದ ಸಮಯ ತರುವ ಏರ್ಪಾಡು) ಸರಿಪಡಿಸುವ ತನಕ ಅದು ತಪ್ಪೇ. ಮಟಮಟ ಮಧ್ಯಾಹ್ನ ರೌಟರಿಗೆ ರಾತ್ರಿಯಾಗಬಹುದು. ಹಾಗಾಗಿ ಎನ್‌ಟಿಪಿಯಿಂದ ಸುದ್ದಿ ಬಂದ ಮೇಲಷ್ಟೇ ಕ್ರಾನ್ ಕೆಲಸ ಮಾಡುವಂತೆ ಮಾಡಿದೆ. ಟೈಮ್‌ಝೋನ್‌ನಲ್ಲಿ ಐಎಸ್‌ಟಿ -5:30 ಎಂದಿರುವುದನ್ನು ಕಂಡು ತಿದ್ದಲು ಹೋಗಬೇಡಿ. ನಾವು ಗ್ರೀನಿಚ್ ಸಮಯಕ್ಕಿಂತ ಮುಂದಿದ್ದರೂ ಅಲ್ಲಿ ಮೈನಸ್ಸೇ ಸರಿ, ಅಲ್ಲಿನ ಲೆಕ್ಕ ಉಲ್ಟಾ.

ಮೂರನೆಯ ಭಾಗ ಭಾವನಿಗೆ ಎಲ್ಲಕ್ಕಿಂತ ಇಷ್ಟ. ಇಲ್ಲಿ ಅವರಿಗೆ ಕೇಬಲಿನವರು ಕೊಟ್ಟಿರುವುದು ಪಿಪಿಪಿಒಇ ಲಾಗಿನ್, ಅಂದರೆ ರೌಟರ್ ಹೆಸರು, ಪಾಸ್‌ವರ್ಡ್ ಕೊಟ್ಟ ಮೇಲೇ ನೆಟ್. ಪುಟದಲ್ಲಿ ಮೂರು ಸಾಲು: ತಂತಿಯಲ್ಲಿ ಜೀವ ಇದೆಯೇ, ಲಾಗಿನ್ ಆಗಿದೆಯೇ, ಹೊರಗಿನಿಂದ ಉತ್ತರ ಬರುತ್ತಿದೆಯೇ. ಒಂದೊಂದರ ಮುಂದೆ ಹೌದು ಅಥವಾ ಇಲ್ಲ. ಬರೀ ಕೆಂಪು, ಹಸಿರು ಚುಕ್ಕೆ ಇಡಲಿಲ್ಲ, ಫೋನಿನಲ್ಲಿ ಓದಿ ಹೇಳಲಿಕ್ಕೆ ಅಕ್ಷರವೇ ಬೇಕು. ಈಗ ಅವರು ಕೇಬಲಿನ ಹುಡುಗನಿಗೆ "ತಂತಿ ಇದೆ, ಲಾಗಿನ್ ಇಲ್ಲ" ಎಂದು ನೇರವಾಗಿ ಹೇಳುತ್ತಾರೆ. 'ರೌಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ' ಎಂಬ ಮಾಮೂಲಿ ಉತ್ತರ ಕಮ್ಮಿಯಾಗಿದೆ.

ನೆಟ್ ಹೋದಾಗಲೇ ಈ ಪುಟ ಬೇಕಾಗುವುದು. ಹೊರಗಿನ ಫಾಂಟ್, ಹೊರಗಿನ ಐಕಾನ್ ಒಂದೂ ಹಾಕಬೇಡಿ. ಕನ್ನಡ ಅಕ್ಷರ ಫೋನಿನಲ್ಲೇ ಇದೆ. ಮೊಬೈಲ್ ಡೇಟಾ ಆರಿಸದೆ ರೌಟರಿನ ವಿಳಾಸ 192.168.1.1 ತೆರೆಯದಿದ್ದರೆ ಗಾಬರಿ ಬೇಡ ಎಂದು ಗಲ್ಲಾದ ಪಕ್ಕ ಚೀಟಿಯನ್ನೂ ಅಂಟಿಸಿದ್ದೇನೆ.

ಕೊನೆಗೆ, ಫರ್ಮ್‌ವೇರ್ (ರೌಟರಿನ ಒಳಗಿನ ತಂತ್ರಾಂಶ) ಅಪ್‌ಗ್ರೇಡ್ ಮಾಡಿದರೆ ಕಾನ್ಫಿಗ್ ಉಳಿಯುತ್ತದೆ, ನಾವು ಸೇರಿಸಿದ ಫೈಲುಗಳು ಹೋಗುತ್ತವೆ. ಪುಟ, ಮೆನು, ಅನುಮತಿ ಪಟ್ಟಿ, ಸ್ಕ್ರಿಪ್ಟ್ ನಾಲ್ಕರ ಹೆಸರನ್ನೂ ಅಪ್‌ಗ್ರೇಡ್‌ನಲ್ಲಿ ಉಳಿಸಬೇಕಾದವುಗಳ ಸಿಸ್‌ಅಪ್‌ಗ್ರೇಡ್ ಪಟ್ಟಿಗೆ ಮೊದಲೇ ಸೇರಿಸಿಡಿ.