ಕುಂಬಳೆ ಉಪಜಿಲ್ಲೆಯ ಶಾಲೆಗಳು: ಹೊಸದಾಗಿ ಬಂದ ಕುಟುಂಬಗಳಿಗೆ ಮಾರ್ಗದರ್ಶಿ

ಬ್ಯಾಂಕಿನ ವರ್ಗಾವಣೆಯಿಂದಲೋ, ಸಿಪಿಸಿಆರ್‌ಐಯ (ಕೇಂದ್ರ ತೋಟಬೆಳೆಗಳ ಸಂಶೋಧನಾ ಸಂಸ್ಥೆಯ) ಉದ್ಯೋಗದಿಂದಲೋ, ಅಡಿಕೆ ತೋಟ ಕೊಂಡೋ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು, ಪೆರ್ಲದ ಕಡೆಗೆ ಬಂದು ನೆಲೆಸುವ ಕರ್ನಾಟಕದ ಕುಟುಂಬಗಳು ಮಕ್ಕಳ ಶಾಲೆಯ ವಿಚಾರವಾಗಿ ನಮ್ಮ ಸಂಘವನ್ನು ಹುಡುಕಿಕೊಂಡು ಬರುವುದು ಸಾಮಾನ್ಯವಾಗಿ ಜುಲೈ ತಿಂಗಳಲ್ಲಿ, ಅಂದರೆ ಕೆಲಸ ಕೆಟ್ಟ ಮೇಲೆ. ಇನ್ನು ಮುಂದಾದರೂ ಮೇ ತಿಂಗಳಲ್ಲೇ ಬರಲಿ ಎಂಬ ಉದ್ದೇಶದಿಂದ ಇದನ್ನು ಬರೆಯಲಾಗಿದೆ.

ಕಾಸರಗೋಡು ಕಂದಾಯ ಜಿಲ್ಲೆಯಲ್ಲಿ ಕಾಸರಗೋಡು ಮತ್ತು ಕಾಞಂಗಾಡು ಎಂಬ ಎರಡು ವಿದ್ಯಾಭ್ಯಾಸ ಜಿಲ್ಲೆಗಳಿವೆ. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳು ಮೊದಲನೆಯದಕ್ಕೆ ಸೇರಿವೆ. ನೀವು ಊರಿನಲ್ಲಿ ಬಿಇಒ ಎನ್ನುತ್ತಿದ್ದ ಅಧಿಕಾರಿಯ ಸ್ಥಾನದಲ್ಲಿ ಇಲ್ಲಿ ಉಪಜಿಲ್ಲೆಗೊಬ್ಬ ಎಇಒ (ಸಹಾಯಕ ವಿದ್ಯಾಧಿಕಾರಿ) ಇರುತ್ತಾರೆ. ಹೈಸ್ಕೂಲುಗಳು ಡಿಇಒ (ವಿದ್ಯಾಭ್ಯಾಸ ಜಿಲ್ಲೆಯ ವಿದ್ಯಾಧಿಕಾರಿ) ಅವರ ಅಧೀನದಲ್ಲಿರುತ್ತವೆ. ಒಂದರಿಂದ ನಾಲ್ಕು ಎಲ್‌ಪಿ (ಕಿರಿಯ ಪ್ರಾಥಮಿಕ), ಐದರಿಂದ ಏಳು ಯುಪಿ (ಹಿರಿಯ ಪ್ರಾಥಮಿಕ), ಎಂಟರಿಂದ ಹತ್ತು ಹೈಸ್ಕೂಲು, ಆಮೇಲೆ ಪಿಯುಸಿಯ ಸ್ಥಾನದಲ್ಲಿ ಪ್ಲಸ್ ವನ್ ಮತ್ತು ಪ್ಲಸ್ ಟು. ಶಾಲೆಯ ಹೆಸರು ‘ಜಿ’ಯಿಂದ ಆರಂಭವಾದರೆ ಸರಕಾರಿ, ‘ಎ’ಯಿಂದಾದರೆ ಹೆಚ್ಚಾಗಿ ಅನುದಾನಿತ. ಇಲ್ಲಿ ಅನುದಾನಿತ ಶಾಲೆಯೆಂದರೆ ಶುಲ್ಕ ಕೀಳುವ ಖಾಸಗಿ ಶಾಲೆಯೆಂದು ಹೆದರಬೇಕಾಗಿಲ್ಲ. ನೀರ್ಚಾಲಿನ ಮಹಾಜನ, ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಾಪಕರಾಗಿದ್ದ ಪೆರಡಾಲದ ನವಜೀವನ ಮೊದಲಾದ ಶಾಲೆಗಳು ಈ ನಾಡಿನಲ್ಲಿ ಕನ್ನಡವನ್ನು ಉಳಿಸಿದ ಮನೆಗಳು.

ಮಾಧ್ಯಮ ಮತ್ತು ಪ್ರಥಮ ಭಾಷೆ

ಉಳಿದುದನ್ನು ಓದದಿದ್ದರೂ ಚಿಂತೆಯಿಲ್ಲ, ಇದನ್ನು ಮಾತ್ರ ಎರಡು ಸಲ ಓದಿರಿ. ಪ್ರವೇಶದ ಅರ್ಜಿಯಲ್ಲಿ ಮಾಧ್ಯಮ ಬೇರೆ, ಪ್ರಥಮ ಭಾಷೆ ಬೇರೆ. ಇದನ್ನು ಬರೆಯುತ್ತಿರುವವಳು ತುಮಕೂರಿನಿಂದ ಬಂದವಳು. ಮಗನನ್ನು ಐದನೆಯ ತರಗತಿಗೆ ಸೇರಿಸುವಾಗ ಮಾಧ್ಯಮದ ಎದುರು ಇಂಗ್ಲಿಷ್ ಎಂದು ಹೆಮ್ಮೆಯಿಂದ ಬರೆದು, ಕನ್ನಡದ ಮಕ್ಕಳಿಗೆ ಕನ್ನಡವಲ್ಲದೆ ಇನ್ನೇನು ಕಲಿಸುತ್ತಾರೆ ಎಂಬ ಧೈರ್ಯದಲ್ಲಿ ಪ್ರಥಮ ಭಾಷೆಯ ಜಾಗವನ್ನು ಖಾಲಿ ಬಿಟ್ಟೆ. ಖಾಲಿ ಬಿಟ್ಟ ಜಾಗದಲ್ಲಿ ಯಾರೋ ಮಲಯಾಳವೆಂದು ತುಂಬಿಸಿದರು. ಹುಡುಗ ಓಣಂ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ದೋಣಿಯ ಚಿತ್ರ ಬರೆದು ಬಂದ ದಿನವೇ ನಮಗೆ ವಿಷಯ ತಿಳಿದದ್ದು. ಅದನ್ನು ಬದಲಾಯಿಸಲು ಮುಂದಿನ ಜೂನ್ ತಿಂಗಳವರೆಗೆ ಕಾಯಬೇಕಾಯಿತು.

ಆದ್ದರಿಂದ ಕನ್ನಡ ಮಾಧ್ಯಮವಾದರೆ ಕನ್ನಡ ಡಿವಿಶನ್ (ವಿಭಾಗ) ಎಂದು ಸ್ಪಷ್ಟವಾಗಿ ಬರೆಯಿರಿ. ಇಂಗ್ಲಿಷ್ ಮಾಧ್ಯಮವೇ ಬೇಕೆಂದಿದ್ದರೆ ಆ ಶಾಲೆಯಲ್ಲಿ ಪ್ರಥಮ ಭಾಷೆಯಾಗಿ ಕನ್ನಡವಿದೆಯೇ ಎಂದು ಅರ್ಜಿ ಕೊಡುವ ಮೊದಲೇ ಕೇಳಿರಿ, ಏಕೆಂದರೆ ಒಂದೇ ಕಟ್ಟಡದಲ್ಲಿ ಕನ್ನಡ ಡಿವಿಶನ್ ಇದ್ದ ಮಾತ್ರಕ್ಕೆ ಇಂಗ್ಲಿಷ್ ಡಿವಿಶನ್ನಿನವರಿಗೂ ಕನ್ನಡ ಸಿಗುತ್ತದೆಂದು ಹೇಳಲಾಗದು. ಕನ್ನಡ ಮಾಧ್ಯಮದವರಿಗೆ ಕೇರಳ ಸರಕಾರವೇ ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಅಚ್ಚು ಹಾಕಿಸುತ್ತದೆ, ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯೂ ಕನ್ನಡದಲ್ಲಿ ಬರುತ್ತದೆ. ಇದು ಯಾರೋ ಕೊಟ್ಟ ಉಪಕಾರವಲ್ಲ. 1956ರ ನವೆಂಬರ್ 1ರಂದು ಅಂದಿನ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ಮೇಲೆ ಇಲ್ಲಿಯ ಹಿರಿಯರು ಪಟ್ಟುಹಿಡಿದು ಕಾಪಾಡಿಕೊಂಡದ್ದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿಯ ಆಧಾರವೂ ಇದೆ.

ಇನ್ನೊಂದು ಮಾತನ್ನು ಸ್ವಲ್ಪ ಗದರಿಯೇ ಹೇಳಬೇಕಾಗಿದೆ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಹಾಜರಿಯಲ್ಲಿರುವ ಮಕ್ಕಳ ಲೆಕ್ಕದ ಮೇಲೆ ಆ ವರ್ಷದ ಡಿವಿಶನ್‌ಗಳೂ ಅಧ್ಯಾಪಕರ ಹುದ್ದೆಗಳೂ ನಿರ್ಧಾರವಾಗುತ್ತವೆ. ಸಾಮಾನು ಬಿಚ್ಚಿದ ಮೇಲೆ, ಅಜ್ಜನ ಮನೆಯ ಪೂಜೆ ಮುಗಿದ ಮೇಲೆ ಎಂದು ಹದಿನೈದು ದಿನ ತಡಮಾಡಿ ಬರುವ ನಿಮ್ಮ ಮಗು ಆ ಲೆಕ್ಕದಲ್ಲಿ ಇರುವುದಿಲ್ಲ. ಒಂದೆರಡು ಮಕ್ಕಳು ಕಡಿಮೆಯಾದದ್ದಕ್ಕೆ ಕನ್ನಡದ ಹುದ್ದೆಯೇ ಹೋಗಬಹುದು, ಹೋದದ್ದು ಮರಳಿ ಬರುವುದು ಸುಲಭವಲ್ಲ. ಮನೆಯಲ್ಲಿ ಕನ್ನಡ ಮಾತಾಡುತ್ತೇವಲ್ಲ, ಸಾಕು ಎನ್ನುವವರು ರಾಜ್ಯೋತ್ಸವದ ದಿನ ವೇದಿಕೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವುದನ್ನೂ ನಾವು ಕಂಡಿದ್ದೇವೆ.

ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗೆ ನೇಮಕಗೊಂಡು ಪೋಷಕರು ಹೋರಾಟಕ್ಕಿಳಿಯಬೇಕಾದ ಪ್ರಸಂಗಗಳು ಈ ಜಿಲ್ಲೆಯಲ್ಲಿ ನಡೆದಿವೆ. ಅಂಥದ್ದೇನಾದರೂ ನಿಮ್ಮ ಮಗುವಿನ ತರಗತಿಯಲ್ಲಿ ನಡೆದರೆ ಮನೆಯಲ್ಲಿ ಗೊಣಗದೆ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಎದ್ದುನಿಂತು ಹೇಳಿರಿ, ಎಲ್ಲರ ಸಹಿಯೊಂದಿಗೆ ಎಇಒ ಅಥವಾ ಡಿಇಒ ಕಚೇರಿಗೆ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆದರೆ ಮಲಯಾಳದ ಮೇಲೆ ಮುನಿಸು ಬೇಡ. ಅಂಗಡಿ, ಬಸ್ಸು, ಆಸ್ಪತ್ರೆ ಎಲ್ಲಕ್ಕೂ ಅದು ಬೇಕು, ಮಕ್ಕಳು ಆಟದ ಬಯಲಿನಲ್ಲಿ ಆರು ತಿಂಗಳಲ್ಲೇ ಕಲಿಯುತ್ತಾರೆ. ತುಳುವನ್ನು ಅದಕ್ಕಿಂತ ಮೊದಲೇ ಕಲಿಯುತ್ತಾರೆ.

ತರಬೇಕಾದ ದಾಖಲೆಗಳು

ಹಳೆಯ ಶಾಲೆಯ ವರ್ಗಾವಣೆ ಪತ್ರ, ಅದಕ್ಕೆ ಬಿಇಒ ಅವರ ಮೇಲುರುಜು. ಜನನ ಪ್ರಮಾಣಪತ್ರ. ಆಧಾರ್. ಕೊನೆಯ ತರಗತಿಯ ಅಂಕಪಟ್ಟಿ. ಲಸಿಕೆ ಚೀಟಿ. ಭಾವಚಿತ್ರಗಳು. ಎಲ್ಲದಕ್ಕೂ ಎರಡೆರಡು ನಕಲು ಪ್ರತಿ. ಜಾತಿಗಳ ಪಟ್ಟಿ ಎರಡು ರಾಜ್ಯಗಳಲ್ಲಿ ಬೇರೆಬೇರೆಯಾಗಿರುವುದರಿಂದ, ಕರ್ನಾಟಕದ ಪ್ರಮಾಣಪತ್ರವನ್ನೇ ನಂಬಿ ಕುಳಿತುಕೊಳ್ಳದೆ ವಿಲೇಜ್ ಆಫೀಸಿನಲ್ಲಿ ಮೊದಲೇ ವಿಚಾರಿಸಿರಿ.

ಮಗುವನ್ನು ಮುಂದೆ ಮಂಗಳೂರಿನಲ್ಲೋ ಮೈಸೂರಿನಲ್ಲೋ ಇಂಜಿನಿಯರಿಂಗ್ ಓದಿಸುವ ಆಸೆಯಿರುವವರು ಕರ್ನಾಟಕದಲ್ಲಿ ಓದಿದ ವರ್ಷಗಳ ದಾಖಲೆಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೂ ಹೊರನಾಡು ಕನ್ನಡಿಗರಿಗೂ ಅವಕಾಶವಿದೆ, ಆದರೆ ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆದು ತೇರ್ಗಡೆಯಾಗಬೇಕು. ಕನ್ನಡ ಓದಿ ಏನು ಪ್ರಯೋಜನ ಎಂದು ಕೇಳುವ ಭಾವಂದಿರಿಗೆ ಈ ಒಂದು ಉತ್ತರ ಸಾಕು.

ಪರೀಕ್ಷೆ, ಕಲೋತ್ಸವ, ರಜೆ

ವರ್ಷಕ್ಕೆ ಮೂರು ಪರೀಕ್ಷೆ: ಓಣಂ, ಕ್ರಿಸ್‌ಮಸ್, ವಾರ್ಷಿಕ. ನಾಲ್ಕರಲ್ಲೂ ಏಳರಲ್ಲೂ ಎಲ್‌ಎಸ್‌ಎಸ್, ಯುಎಸ್‌ಎಸ್ ಎಂದು ಹೆಸರಾಗಿದ್ದ ವಿದ್ಯಾರ್ಥಿವೇತನ ಪರೀಕ್ಷೆಗಳಿವೆ, ತಪ್ಪಿಸಬೇಡಿರಿ. ಎಸ್ಸೆಸ್ಸೆಲ್ಸಿಯ ಫಲಿತಾಂಶ ಅಂಕದಲ್ಲಲ್ಲ, ಗ್ರೇಡಿನಲ್ಲಿ ಬರುತ್ತದೆ.

ಶಾಲಾ ಕಲೋತ್ಸವ ಉಪಜಿಲ್ಲೆಯಿಂದ ರಾಜ್ಯಮಟ್ಟದವರೆಗೆ ಸಾಗುತ್ತದೆ. ಕನ್ನಡ ಕಂಠಪಾಠಕ್ಕೂ ಭಾಷಣಕ್ಕೂ ಅಲ್ಲಿ ಸ್ಪರ್ಧೆಗಳಿವೆ, ಯಕ್ಷಗಾನವೂ ಇದೆ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಗೆ ಬಂದ ಮೇಲೆ ಮಕ್ಕಳಿಗೆ ಒಂದು ಸಲವಾದರೂ ಗೆಜ್ಜೆ ಕಟ್ಟಿಸಿರಿ. ಸ್ಪರ್ಧೆಗಳ ಪಟ್ಟಿಯಲ್ಲಿ ‘ಪ್ರಸಂಗಂ’ ಎಂದಿದ್ದರೆ ಅದು ಯಕ್ಷಗಾನವಲ್ಲ, ಮಲಯಾಳದಲ್ಲಿ ಭಾಷಣ ಎಂದರ್ಥ. ಕಳೆದ ಬಾರಿ ಒಬ್ಬ ಹುಡುಗ ಚೆಂಡೆಯೊಂದಿಗೆ ಬಂದಿದ್ದ.

ಕರ್ನಾಟಕದ ಹಾಗೆ ಅಕ್ಟೋಬರ್ ತಿಂಗಳಲ್ಲಿ ಉದ್ದನೆಯ ದಸರಾ ರಜೆ ಇಲ್ಲಿ ಸಿಗುವುದಿಲ್ಲ, ಆಯುಧಪೂಜೆಯ ಆಸುಪಾಸಿನ ದಿನಗಳು ಮಾತ್ರ. ದೊಡ್ಡ ರಜೆ ಓಣಂ ಮತ್ತು ಕ್ರಿಸ್‌ಮಸ್ ಸಮಯದಲ್ಲಿ ಬರುವುದರಿಂದ, ಮೈಸೂರಿನ ರೈಲು ಟಿಕೆಟ್ಟನ್ನು ಹಳೆಯ ಲೆಕ್ಕದಲ್ಲಿ ಕಾಯ್ದಿರಿಸಬೇಡಿರಿ. ಶುಕ್ರವಾರ ಮಧ್ಯಾಹ್ನದ ಬಿಡುವು ಹೆಚ್ಚು ದೀರ್ಘ. ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ರಾತ್ರಿ ರಜೆ ಘೋಷಿಸುತ್ತಾರೆ. ಆ ಸಂದೇಶ ಮಲಯಾಳದಲ್ಲಿ ‘ನಾಳೆ ಅವಧಿ’ ಎಂದು ಬರುತ್ತದೆ. ನಾಳೆ ಏನೋ ವಿಶೇಷ ಅವಧಿ ಇರಬೇಕೆಂದು ತಿಳಿದು, ಬುತ್ತಿ ಕಟ್ಟಿ, ಕೊಡೆ ಕೊಟ್ಟು ಮಗನನ್ನು ಬೀಗ ಹಾಕಿದ ಶಾಲೆಯ ಗೇಟಿನವರೆಗೆ ಕರೆದುಕೊಂಡು ಹೋದವಳು ನಾನೇ. ಅವಧಿ ಎಂದರೆ ರಜೆ.