ಎಚ್. ಪೈಲೋರಿ ಕಾಣದ ಸ್ಲೈಡನ್ನು ನಾನು ಓದುವ ಬಗೆ

ಹಾಸನದಲ್ಲಿ ಪೆಥಾಲಜಿಸ್ಟ್, ಅಂದರೆ ದೇಹದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಗುರುತಿಸುವ ವೈದ್ಯ ಆಗಿದ್ದೇನೆ. ಎಂಡೋಸ್ಕೋಪಿಯಲ್ಲಿ ತೆಗೆದ ಜಠರದ ಚೂರುಗಳು ಫಾರ್ಮಲಿನ್ ಡಬ್ಬಿಯಲ್ಲಿ ನನ್ನ ಮೇಜಿಗೆ ಬರುತ್ತವೆ. ಜೊತೆಗಿರುವ ಚೀಟಿಯಲ್ಲಿ ಹೆಚ್ಚಾಗಿ ಒಂದೇ ಪ್ರಶ್ನೆ: ಜಠರಕ್ಕೆ ಸೋಂಕು ತರುವ ಬ್ಯಾಕ್ಟೀರಿಯಾ ಎಚ್. ಪೈಲೋರಿ ಇದೆಯಾ?

ನಾನು ಬ್ಯಾಕ್ಟೀರಿಯಾ ಹುಡುಕುವ ಮೊದಲು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಹುಡುಕುತ್ತೇನೆ. ಆರೋಗ್ಯವಾಗಿರುವ ಜಠರದ ಒಳಪದರದಲ್ಲಿ ಇವು ಕಾಣುವುದು ತೀರಾ ಅಪರೂಪ. ಸೋಂಕಿದ್ದರೆ ರಕ್ತನಾಳದಿಂದ ಹೊರಬಂದು, ಗ್ರಂಥಿಗಳ ಕುತ್ತಿಗೆಯ ಗೋಡೆಯೊಳಗೇ ನುಗ್ಗಿರುತ್ತವೆ. ಸುತ್ತ ಲಿಂಫೋಸೈಟ್, ಪ್ಲಾಸ್ಮಾ ಕೋಶ ಎಂಬ ಬೇರೆ ರಕ್ಷಣಾ ಕೋಶಗಳು ಕಿಕ್ಕಿರಿದಿರುತ್ತವೆ. ಲಿಂಫೋಸೈಟ್‌ಗಳು ದುಂಡಗೆ ಗುಂಪುಗೂಡಿ ಫಾಲಿಕಲ್ ಆಗಿದ್ದರಂತೂ ನನ್ನ ಅನುಮಾನ ಇನ್ನೂ ಜಾಸ್ತಿ. ಇಷ್ಟೆಲ್ಲ ಸೇನೆ ಸುಮ್ನೆ ಬರಲ್ಲ ಅಲ್ವಾ?

ಸಕಲೇಶಪುರ ಕಡೆಯ ಕಾಫಿ ತೋಟದ ಕೆಲಸಗಾರರೊಬ್ಬರ ಸ್ಲೈಡ್ ಹೀಗೇ ಇತ್ತು. ಜಠರದ ಕೆಳಭಾಗವಾದ ಆಂಟ್ರಮ್‌ನಿಂದ ಮಾತ್ರ ಚೂರು ಬಂದಿತ್ತು. ಬ್ಯಾಕ್ಟೀರಿಯಾ ಎದ್ದು ಕಾಣಿಸುವ ಗೀಮ್ಸಾ ಬಣ್ಣ ಹಾಕಿ ನೋಡಿದರೂ ಬ್ಯಾಕ್ಟೀರಿಯಾ ಇಲ್ಲ. ಆದರೆ ಗ್ರಂಥಿಗಳಲ್ಲಿ ನ್ಯೂಟ್ರೋಫಿಲ್‌ಗಳು ಎದ್ದು ಕಾಣುತ್ತಿದ್ದವು. ಡಾಕ್ಟರಿಗೆ ಫೋನ್ ಮಾಡಿದೆ. "ಗ್ಯಾಸ್ಟ್ರಿಕ್ ಮಾತ್ರೆ ನುಂಗ್ತಾನೇ ಇದ್ರಂತೆ" ಎಂದರು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ತರಹದ ಈ ಮಾತ್ರೆಗಳು ಆಮ್ಲ ತಗ್ಗಿಸಿದಾಗ ಆಂಟ್ರಮ್‌ನಲ್ಲಿ ಬ್ಯಾಕ್ಟೀರಿಯಾ ಕಡಿಮೆಯಾಗಿ ಜಠರದ ಮೇಲ್ಭಾಗದಲ್ಲಿ ಉಳಿದುಕೊಳ್ಳುವುದುಂಟು. ಮೇಲ್ಭಾಗದಿಂದಲೂ ಚೂರು ಕಳಿಸಿ ಎಂದು ಕೇಳಿದೆ. ಕಳಿಸಿದರು. ಲೋಳೆಯಲ್ಲಿ ಬಾಗಿದ ಸಣ್ಣ ಕಡ್ಡಿಗಳು, ಅಂದರೆ ಎಚ್. ಪೈಲೋರಿ, ಸಿಕ್ಕವು. ಅದಕ್ಕೇ ನನ್ನ ಒತ್ತಾಯ: ಆಂಟ್ರಮ್‌ನಿಂದ 2, ಮೇಲ್ಭಾಗದಿಂದ 2, ನಡುವಿನ ತಿರುವಿನಿಂದ 1 ಚೂರು ಕಳಿಸಿ.

ಇಷ್ಟು ಕೋಶಗಳು ಬಂದರೂ ಬ್ಯಾಕ್ಟೀರಿಯಾ ಯಾಕೆ ಸಾಯಲ್ಲ ಎಂದು ಕಿರಿಯರು ಕೇಳುತ್ತಾರೆ. ಅದರ ಬಹುಪಾಲು ಲೋಳೆಯ ಪದರದಲ್ಲಿ, ಈ ಕೋಶಗಳ ಕೈಗೆ ಸುಲಭವಾಗಿ ಸಿಗದ ಕಡೆ ಇರುತ್ತದೆ. ಯೂರಿಯೇಸ್ ಎಂಬ ಕಿಣ್ವದಿಂದ ಅಮೋನಿಯಾ ಮಾಡಿಕೊಂಡು ಆಮ್ಲವನ್ನೂ ತಡೆದುಕೊಳ್ಳುತ್ತದೆ. ಹೋರಾಟ ವರ್ಷಗಟ್ಟಲೆ ನಡೆದು, ಪೆಟ್ಟು ಬೀಳುವುದು ನಮ್ಮ ಒಳಪದರಕ್ಕೇ. ನೋಡುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಚಿಕಿತ್ಸೆ ಫಲಿಸಿದ ಮೇಲೆ ನ್ಯೂಟ್ರೋಫಿಲ್ ಬೇಗ ಮಾಯವಾಗುತ್ತವೆ. ಲಿಂಫೋಸೈಟ್, ಪ್ಲಾಸ್ಮಾ ಕೋಶ ಪೂರ್ತಿ ಕಡಿಮೆಯಾಗಲು ತಿಂಗಳುಗಳು, ಕೆಲವರಿಗೆ ವರ್ಷಗಳೇ ಬೇಕು. ಹಾಗಾಗಿ ರಿಪೋರ್ಟಿನಲ್ಲಿ "ಗ್ಯಾಸ್ಟ್ರೈಟಿಸ್" (ಜಠರದ ಉರಿಯೂತ) ಎಂದು ಮತ್ತೆ ಕಂಡರೆ ಸೋಂಕು ಉಳಿದಿದೆ ಎಂದು ಗಾಬರಿಯಾಗಬೇಡಿ. ಆಂಟಿಬಯಾಟಿಕ್ ಮುಗಿದು ಕನಿಷ್ಠ 4 ವಾರವಾದ ಮೇಲೆ ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಿ. ಅದಕ್ಕೆ 2 ವಾರ ಮೊದಲೇ ಆಮ್ಲ ತಗ್ಗಿಸುವ ಮಾತ್ರೆಯನ್ನು ಡಾಕ್ಟರನ್ನು ಕೇಳಿ ನಿಲ್ಲಿಸಿರಬೇಕು.